ಆಟೋಕ್ಯಾಡ್ ತೆಗೆದು ಮತ್ತೆ ಹಾಕಬೇಕಾಗಿದೆ, ಹದಿನಾಲ್ಕು ವರ್ಷಗಳ ಸೆಟಿಂಗ್ಸ್ ಉಳಿಸಿಕೊಳ್ಳುವುದು ಹೇಗೆ?

ಮುರಕಲ್ಲು, ಉಡುಪಿ
ಗುರುವಾರ ಬೆಳಿಗ್ಗೆ 9.40

ಕುಂಜಿಬೆಟ್ಟಿನಲ್ಲಿ ಮನೆಗಳ ನಕ್ಷೆ ತಯಾರಿಸುವ ಸಣ್ಣ ಕಚೇರಿ ನನ್ನದು. ಮಂಗಳವಾರ ಸಂಜೆ ನಕ್ಷೆ ಬರೆಯುವ ಪ್ರೋಗ್ರಾಮಾದ ಆಟೋಕ್ಯಾಡ್ 2024ರ ಅಪ್‌ಡೇಟ್ ಹಾಕಿಕೊಳ್ಳುತ್ತಿದ್ದೆ. ಅದು ಅರ್ಧ ಮುಗಿದಿರುವಾಗ ಗಾಳಿಮಳೆಗೆ ರಸ್ತೆಯಾಚೆಯ ಹಲಸಿನ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಎರಡು ನಿಮಿಷವೂ ತಾಳಲಿಲ್ಲ. ಅಂದಿನಿಂದ ಆಟೋಕ್ಯಾಡ್ ತೆರೆದರೆ ಮೊದಲ ಚಿತ್ರ ಮೂಡಿ ಮಾಯವಾಗುತ್ತದೆ. ತಪ್ಪೇನೆಂದು ತಿಳಿಸುವ ಒಂದು ಸಾಲೂ ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎರಡು ಸಲ ರಿಪೇರಿಗೆ ಕೊಟ್ಟೆ, ಎರಡು ಸಲವೂ ನಡುವೆ ನಿಂತಿತು. ಪೂರ್ತಿ ತೆಗೆದು ಹೊಸದಾಗಿ ಹಾಕದೆ ದಾರಿಯಿಲ್ಲ.

ಹಾಕುವ ಕೆಲಸಕ್ಕೆ ನಾನು ಹೆದರುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೊತ್ತು ತಂದ ನನ್ನ ಸಾಮಾನುಗಳು ಹೋದಾವು ಎಂದು ಹೆದರಿದ್ದೇನೆ. ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪು ಕಲ್ಲಿನ, ಗೋಡೆಗೆ ನಾನೇ ಬರೆದುಕೊಂಡ ಹ್ಯಾಚ್ ಇದೆ, ಗೋಡೆ ಯಾವುದರದೆಂದು ನಕ್ಷೆಯಲ್ಲಿ ತೋರಿಸುವ ಗೆರೆಗಳ ವಿನ್ಯಾಸ ಅದು. ಆಟೋಕ್ಯಾಡ್ ಜೊತೆಗೆ ಬರುವ ಇಟ್ಟಿಗೆಯ ಹ್ಯಾಚ್ ಹಾಕಿದರೆ ನಮ್ಮ ಮೇಸ್ತ್ರಿಗಳು ಇಟ್ಟಿಗೆಯ ಗೋಡೆ ಎಂದೇ ಓದುತ್ತಾರೆ. ಒಮ್ಮೆ ಹಾಗೆ ಓದಿದ್ದರಿಂದ ಬ್ರಹ್ಮಾವರದ ಒಂದು ಮನೆಯ ಅಂಗಳಕ್ಕೆ ಒಂದು ಲೋಡ್ ಇಟ್ಟಿಗೆ ಬಂದು ಇಳಿದಿತ್ತು. ಆಮೇಲೆಯೇ ನಾನು ಕುಳಿತು ಈ ಹ್ಯಾಚ್ ಬರೆದದ್ದು.

ಅದಕ್ಕಿಂತ ದೊಡ್ಡದು ಒಂದು ಲಿಸ್ಪ್ ಫೈಲ್, ಆಟೋಕ್ಯಾಡ್ ಒಳಗೆ ನಡೆಯುವ ಸಣ್ಣ ಪ್ರೋಗ್ರಾಮ್. ಜಾಗದ ಗಡಿಯ ಮೇಲೆ ಒತ್ತಿದರೆ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿಯೂ ಸೆಂಟ್ಸಿನಲ್ಲಿಯೂ ನಕ್ಷೆಯ ಮೇಲೆಯೇ ಬರೆದುಕೊಡುತ್ತದೆ. ನಮ್ಮ ಕಡೆ ಜಾಗ ಇರುವವರು ಹನ್ನೆರಡೂವರೆ ಸೆಂಟ್ಸ್ ಎನ್ನುತ್ತಾರೆಯೇ ಹೊರತು 506 ಚದರ ಮೀಟರ್ ಎನ್ನುವುದಿಲ್ಲ. ಒಂದು ಸೆಂಟ್ಸಿಗೆ 40.47 ಚದರ ಮೀಟರ್ ಎಂದು ಪ್ರತಿ ಸಲ ಭಾಗಿಸುತ್ತ ಕುಳಿತರೆ ಎಲ್ಲಿಯೋ ಒಂದು ಕಡೆ ಕೈ ತಪ್ಪುತ್ತದೆ, ಮತ್ತು ಜಾಗದ ಲೆಕ್ಕ ತಪ್ಪಿದರೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುತ್ತದೆ. ಆ ಲಿಸ್ಪ್ ಬರೆದವರು ನನಗೆ ಈ ಕೆಲಸ ಕಲಿಸಿದ ಮಾಸ್ಟರ್. ಅವರು ತೀರಿಕೊಂಡು ಎರಡು ವರ್ಷವಾಯಿತು. ಫೈಲಿನೊಳಗೆ ಯಾವ ಸಾಲು ಏಕೆ ಇದೆ ಎಂಬ ಟಿಪ್ಪಣಿಗಳೂ ಅವರವೇ. ಇನ್ನೊಂದು ಪ್ರತಿ ನನ್ನಲ್ಲಿಲ್ಲ. ಆಟೋಕ್ಯಾಡ್ ತೆರೆದೊಡನೆ ಅದು ತಾನಾಗಿ ಲೋಡ್ ಆಗುತ್ತಿತ್ತು, ಆದ್ದರಿಂದ ಯಾವ ಫೋಲ್ಡರಿನಲ್ಲಿ ಇಟ್ಟಿದ್ದೆ ಎಂಬುದೇ ಮರೆತುಹೋಗಿದೆ.

ಇವಲ್ಲದೆ ಮುದ್ರಿಸುವಾಗ ಗೆರೆಗಳ ದಪ್ಪ ಮತ್ತು ಬಣ್ಣ ಹೇಳುವ ಪ್ಲಾಟ್ ಸ್ಟೈಲ್, ದೊಡ್ಡ ನಕ್ಷೆ ಮುದ್ರಿಸುವ ಪ್ಲಾಟರಿನ ಸುರುಳಿಗೆ ಹೊಂದಿಸಿಕೊಂಡ ಕಾಗದದ ಅಳತೆಗಳು, ಎಡಗೈಗೆ ರೂಢಿಯಾದ ಎರಡಕ್ಷರದ ಕಮಾಂಡ್‌ಗಳು, ನುಡಿ ಅಕ್ಷರದಲ್ಲಿ ಶೀರ್ಷಿಕೆ ಇರುವ ಟೆಂಪ್ಲೇಟ್ ಇವೆ. ಇದ್ದ ಆಟೋಡೆಸ್ಕ್ (ಆಟೋಕ್ಯಾಡ್ ಮಾಡುವ ಕಂಪನಿ) ಫೋಲ್ಡರ್‌ಗಳನ್ನೆಲ್ಲ ಅಳಿಸಿ, ತಾತ್ಕಾಲಿಕ ಫೈಲುಗಳಿರುವ ಟೆಂಪ್ ಫೋಲ್ಡರ್ ಖಾಲಿ ಮಾಡಿ, ಆಮೇಲೆ ಹಾಕಿ ಎಂದು ಒಬ್ಬರು ಫೋನಿನಲ್ಲಿ ಹೇಳಿದರು. ಅಳಿಸುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. ಯಾವುದು ಎಲ್ಲಿರುತ್ತದೆ?

ಸಿವಿಲ್ ಮೂರನೇ ವರ್ಷ, ಸುರತ್ಕಲ್
ಗುರುವಾರ ಬೆಳಿಗ್ಗೆ 10.15

ಅಕ್ಕ, ಸ್ಟಾರ್ಟ್ ಮೆನುವಿನಲ್ಲಿ ಆಟೋಕ್ಯಾಡ್ 2024 ಎಂಬ ಫೋಲ್ಡರಿನೊಳಗೆ ಸೆಟಿಂಗ್ಸ್ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೆ, ಒಂದು ಜಿಪ್ ಫೈಲ್ ಸಿಗುತ್ತದೆ. ಅದು ನಡೆಯದಿದ್ದರೆ ವಿಂಡೋಸಿನ ರೋಮಿಂಗ್ ಫೋಲ್ಡರಿನಲ್ಲಿರುವ ಆಟೋಕ್ಯಾಡ್ 2024 ಅನ್ನು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಸದಾಗಿ ಹಾಕಿದ ಮೇಲೆ ಅದೇ ಜಾಗಕ್ಕೆ ಪೂರ್ತಿ ಅಂಟಿಸಿ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಮಾಡಿದ್ದೆ.

ಬಿಜೈ ಡ್ರಾಫ್ಟ್ಸ್‌ಮನ್, ಮಂಗಳೂರು
ಗುರುವಾರ ಮಧ್ಯಾಹ್ನ 1.20

ತಮ್ಮ ಹೇಳಿದ ಜಿಪ್ ಅನ್ನು ಮೊದಲು ಮಾಡಿಕೊಳ್ಳಿ, ಒಳ್ಳೆಯ ಸಲಹೆ. ಪೂರ್ತಿ ಅಂಟಿಸುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ತೊಂದರೆ ಪ್ರೋಗ್ರಾಮಿನಲ್ಲಿದೆಯೋ ನಿಮ್ಮ ಸೆಟಿಂಗ್ಸ್‌ನಲ್ಲಿಯೇ ಇದೆಯೋ ಎಂಬುದು ಇನ್ನೂ ಗೊತ್ತಾಗಿಲ್ಲ. ಕರೆಂಟ್ ಹೋದ ಕ್ಷಣದಲ್ಲಿ ಮೆನು ಫೈಲೋ ಪ್ರೊಫೈಲೋ ಕೆಟ್ಟಿದ್ದರೆ, ಪೂರ್ತಿ ಅಂಟಿಸಿದಾಗ ಆ ಕೆಟ್ಟದ್ದೂ ಹಿಂದಿರುಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಇನ್‌ಸ್ಟಾಲ್ ಮಾಡುವ ಫೈಲ್ ಕೈಯಲ್ಲಿದೆಯೇ ನೋಡಿ. ಚಂದಾದಾರರಿಗೆ ಈಗಿನ ಆವೃತ್ತಿ ಮತ್ತು ಅದರ ಹಿಂದಿನ ಮೂರು ಆವೃತ್ತಿಗಳನ್ನು ಇಳಿಸಿಕೊಳ್ಳಲು ಬಿಡುತ್ತಾರೆ, ಅದಕ್ಕಿಂತ ಹಳೆಯದನ್ನು ಬಿಡುವುದಿಲ್ಲ. ಇದ್ದುದನ್ನು ತೆಗೆದ ಮೇಲೆ ಅದನ್ನು ಹುಡುಕುವಂತೆ ಆಗಬಾರದು.

ಈಗ ಜಾಗಗಳು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ %ಆಪ್‌ಡೇಟಾ% ಎಂದು ಬರೆದರೆ ರೋಮಿಂಗ್ ತೆರೆಯುತ್ತದೆ. ಅಲ್ಲಿ ಆಟೋಡೆಸ್ಕ್, ಆಟೋಕ್ಯಾಡ್ 2024, ಆರ್ 24.3, ಇಎನ್‌ಯು ಎಂದು ಒಳಗೆ ಹೋಗಿ. ಸಪೋರ್ಟ್ ಫೋಲ್ಡರಿನಲ್ಲಿ ಮೆನುವಿನ ಸಿಯುಐಎಕ್ಸ್, ಕಮಾಂಡ್‌ಗಳ ಪಿಜಿಪಿ, ಟೂಲ್ ಪ್ಯಾಲೆಟ್ ಇರುತ್ತವೆ. ಪಕ್ಕದ ಪ್ಲಾಟರ್ಸ್ ಫೋಲ್ಡರಿನಲ್ಲಿ ಪ್ಲಾಟರಿನ ಸೆಟಿಂಗ್ಸ್ ಇರುವ ಪಿಸಿ3 ಫೈಲುಗಳೂ, ಅದರೊಳಗಿನ ಪ್ಲಾಟ್ ಸ್ಟೈಲ್ಸ್‌ನಲ್ಲಿ ನಿಮ್ಮ ಸಿಟಿಬಿಯೂ ಸಿಗುತ್ತವೆ. ನೀವು ಹೊಂದಿಸಿದ ಕಾಗದದ ಅಳತೆಗಳು ಪಿಸಿ3ಯಲ್ಲಿ ಇರುವುದಿಲ್ಲ, ಅದೇ ಪ್ಲಾಟರ್ಸ್ ಒಳಗಿನ ಪಿಎಂಪಿ ಫೈಲಿನಲ್ಲಿರುತ್ತವೆ. ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಬಿಟ್ಟು ಬಂದು, ಕೊನೆಗೆ ಪ್ಲಾಟರಿನ ಮುಂದೆ ನಿಂತು ಹುಡುಕುವುದನ್ನು ನೋಡಿದ್ದೇನೆ.

ಟೆಂಪ್ಲೇಟ್ ರೋಮಿಂಗ್‌ನಲ್ಲಿ ಇಲ್ಲ. ಅದು ಲೋಕಲ್ ಎಂಬ ಇನ್ನೊಂದು ಕವಲಿನಲ್ಲಿದೆ, %ಲೋಕಲ್‌ಆಪ್‌ಡೇಟಾ% ಎಂದು ಬರೆದು ಅದೇ ದಾರಿಯಲ್ಲಿ ಹೋದರೆ ಟೆಂಪ್ಲೇಟ್ ಫೋಲ್ಡರ್ ಕಾಣುತ್ತದೆ. ನುಡಿ ಅಕ್ಷರಗಳು ವಿಂಡೋಸಿನ ಫಾಂಟ್ಸ್‌ನಲ್ಲಿರುವುದರಿಂದ ಅವುಗಳ ಚಿಂತೆ ಬೇಡ. ಬೇರೆ ಯಾವುದಾದರೂ ಎಸ್‌ಎಚ್‌ಎಕ್ಸ್ ಅಕ್ಷರವನ್ನು ಪ್ರೋಗ್ರಾಮಿನ ಫಾಂಟ್ಸ್ ಫೋಲ್ಡರಿಗೆ ಹಾಕಿದ್ದರೆ ಅದನ್ನು ತೆಗೆದಿಡಿ.

ಇನ್ನು ನಿಮ್ಮ ಮಾಸ್ಟರರ ಲಿಸ್ಪ್. ಅದು ಸಿಗುವವರೆಗೆ ಏನನ್ನೂ ಅಳಿಸಬೇಡಿ. ತಾನಾಗಿ ಲೋಡ್ ಆಗುತ್ತಿತ್ತು ಎಂದರೆ ಲಿಸ್ಪ್ ಲೋಡ್ ಮಾಡುವ ಕಮಾಂಡಾದ ಆಪ್‌ಲೋಡ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಹಾಕಿದ್ದಿರಬೇಕು. ಆ ಪಟ್ಟಿ ಫೈಲಿನ ಪ್ರತಿಯನ್ನು ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ದಾರಿಯನ್ನಷ್ಟೇ, ವಿಂಡೋಸ್ ಎಲ್ಲ ಸೆಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ರಿಜಿಸ್ಟ್ರಿ ಎಡಿಟರ್ ತೆರೆದು ಕರೆಂಟ್ ಯೂಸರ್, ಸಾಫ್ಟ್‌ವೇರ್, ಆಟೋಡೆಸ್ಕ್, ಆಟೋಕ್ಯಾಡ್, ಆರ್ 24.3 ವರೆಗೆ ಹೋಗಿ ಅದನ್ನು ಎಕ್ಸ್‌ಪೋರ್ಟ್ ಮಾಡಿ. ಸಿಕ್ಕಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎಲ್‌ಎಸ್‌ಪಿ ಎಂಬ ಮೂರು ಅಕ್ಷರಗಳನ್ನು ಹುಡುಕಿ. ದಾರಿ ಅಲ್ಲಿಯೇ ಸಿಗುತ್ತದೆ. ಈ ಎಕ್ಸ್‌ಪೋರ್ಟ್ ನಿಮಗೆ ಬ್ಯಾಕಪ್ ಕೂಡ ಆಯಿತು.

ಎಲ್ಲ ಒಂದು ಕಡೆ ಸೇರಿದ ಮೇಲೆ ಪ್ರೋಗ್ರಾಮ್ ತೆಗೆಯಿರಿ. ಹೀಗೆ ತೆಗೆದರೂ ರೋಮಿಂಗ್ ಮತ್ತು ಲೋಕಲ್ ಒಳಗಿನ ಆಟೋಕ್ಯಾಡ್ 2024 ಫೋಲ್ಡರ್‌ಗಳು ಉಳಿದುಕೊಳ್ಳುತ್ತವೆ. ಹೊಸದಾಗಿ ಹಾಕಿದ ಆಟೋಕ್ಯಾಡ್ ಹಳೆಯ ರೋಗವನ್ನೇ ತೋರಿಸುವುದು ಇದರಿಂದ. ಅವುಗಳನ್ನು ಅಳಿಸಬೇಡಿ, ಹೆಸರಿನ ಕೊನೆಗೆ ಹಳೆಯದು ಎಂದು ಸೇರಿಸಿ. ರಿಜಿಸ್ಟ್ರಿಯ ಆರ್ 24.3 ಅನ್ನೂ ಅದೇ ಹೊತ್ತಿಗೆ ತೆಗೆಯಿರಿ. ಫೋಲ್ಡರ್ ಇಲ್ಲದೆ ರಿಜಿಸ್ಟ್ರಿ ಮಾತ್ರ ಉಳಿದರೆ, ಈ ಬಳಕೆದಾರರ ಫೈಲುಗಳನ್ನು ಆಗಲೇ ಸಿದ್ಧ ಮಾಡಿಯಾಗಿದೆ ಎಂದು ಆಟೋಕ್ಯಾಡ್ ತಿಳಿದುಕೊಂಡು ಹೊಸದನ್ನು ಮಾಡಿಕೊಳ್ಳುವುದಿಲ್ಲ. ಎರಡೂ ಇಲ್ಲದಿದ್ದರೆ ಮೊದಲ ಸಲ ತೆರೆದಾಗ ತನ್ನ ಯೂಸರ್‌ಡೇಟಾಕ್ಯಾಶ್ ಫೋಲ್ಡರಿನಿಂದ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮಷೀನ್ ಒಮ್ಮೆ ರೀಸ್ಟಾರ್ಟ್ ಮಾಡಿ ಆಮೇಲೆ ಹಾಕಿ.

ಹಾಕಿದ ಮೇಲೆ ಬರಿ ಆಟೋಕ್ಯಾಡ್ ತೆರೆದು, ಒಂದು ಹಳೆಯ ನಕ್ಷೆಯನ್ನೂ ತೆರೆದು, ಉಳಿಸಿ, ಮುಚ್ಚಿ ನೋಡಿ. ಅದು ಸರಿಯಿದ್ದರೆ ನಿಮ್ಮವನ್ನು ಒಂದೊಂದಾಗಿ ಒಳಗೆ ತನ್ನಿ. ಪಿಜಿಪಿಯಲ್ಲಿ ನಿಮ್ಮ ಸಾಲುಗಳನ್ನು ಮಾತ್ರ ಹೊಸ ಫೈಲಿನ ತುದಿಗೆ ಸೇರಿಸಿ, ಒಂದೇ ಹೆಸರು ಎರಡು ಸಲ ಬಂದರೆ ಕೊನೆಯದೇ ನಡೆಯುತ್ತದೆ. ಮೆನುವನ್ನು ಸಿಯುಐ ಕಮಾಂಡಿನ ಟ್ರಾನ್ಸ್‌ಫರ್ ಪುಟದಿಂದ ಎಳೆದುಕೊಳ್ಳಿ, ಫೈಲನ್ನೇ ಮೇಲೆ ಹೇರಬೇಡಿ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಸೈಟ್ ಇಂಜಿನಿಯರ್, ಕಾರ್ಕಳ
ಗುರುವಾರ ಸಂಜೆ 6.05

ಬಿಜೈಯವರು ಬರೆದುದಕ್ಕೆ ಎರಡು ಸೇರಿಸುತ್ತೇನೆ. ಟೆಂಪ್ ಖಾಲಿ ಮಾಡುವ ಮೊದಲು ಅದರೊಳಗೆ ಎಸ್‌ವಿ$ ಎಂದು ಮುಗಿಯುವ ಫೈಲುಗಳಿವೆಯೇ ನೋಡಿ, ಮೇಡಂ. ಆಟೋಕ್ಯಾಡ್ ತಾನಾಗಿ ಉಳಿಸಿದ ನಕ್ಷೆಗಳು ಅಲ್ಲಿಯೇ ಕೂಡುತ್ತವೆ. ಮಂಗಳವಾರ ಕರೆಂಟ್ ಹೋದಾಗ ತೆರೆದಿದ್ದ ನಕ್ಷೆ ಏನಾದರೂ ಇದ್ದರೆ ಅದು ಅಲ್ಲಿ ಜೀವಂತವಾಗಿರಬಹುದು. ಬೇರೆ ಕಡೆಗೆ ಕಾಪಿ ಮಾಡಿ ಹೆಸರಿನ ಕೊನೆಯನ್ನು ಡಿಡಬ್ಲ್ಯೂಜಿ ಎಂದು ಬದಲಿಸಿದರೆ ತೆರೆಯುತ್ತದೆ.

ಎರಡನೆಯದು, ಅದೇ ಮಷೀನಿನಲ್ಲಿ ಆಟೋಡೆಸ್ಕಿನ ಬೇರೆ ಪ್ರೋಗ್ರಾಮುಗಳಾದ ರೆವಿಟ್ ಅಥವಾ ಸಿವಿಲ್ 3ಡಿ ಇದ್ದರೆ ಆಟೋಡೆಸ್ಕ್ ಲೈಸೆನ್ಸಿಂಗ್ ಮತ್ತು ಕಾಮನ್ ಫೈಲ್ಸ್ ಒಳಗಿನ ಆಟೋಡೆಸ್ಕ್ ಶೇರ್ಡ್ ಫೋಲ್ಡರನ್ನು ಮುಟ್ಟಬೇಡಿ. ಅವು ಎಲ್ಲದಕ್ಕೂ ಸೇರಿದವು. ನಾನು ಒಮ್ಮೆ ಎಲ್ಲವನ್ನೂ ಗುಡಿಸಿ ಹಾಕಿ, ಚೆನ್ನಾಗಿದ್ದ ರೆವಿಟ್ಟನ್ನೂ ಮತ್ತೆ ಹಾಕಬೇಕಾಗಿ ಬಂದಿತ್ತು. ಪಂಚಾಯಿತಿಗೆ ನಕ್ಷೆ ಕೊಡಬೇಕಾದ ಹಿಂದಿನ ರಾತ್ರಿ ಅದು.

ಮುರಕಲ್ಲು, ಉಡುಪಿ
ಶನಿವಾರ ರಾತ್ರಿ 8.30

ಮೂವರಿಗೂ ನನ್ನ ನಮಸ್ಕಾರ. ಕೆಲಸ ಮುಗಿಯಿತು, ಏನಾಯಿತೆಂದು ಬರೆಯಲೇಬೇಕು.

ಸ್ಟಾರ್ಟ್ ಮೆನುವಿನ ಎಕ್ಸ್‌ಪೋರ್ಟ್ ನನ್ನಲ್ಲಿ ನಡೆಯಲಿಲ್ಲ. ಆದ್ದರಿಂದ ಗುರುವಾರ ಸಂಜೆಯೇ ರಿಜಿಸ್ಟ್ರಿ ಎಕ್ಸ್‌ಪೋರ್ಟ್ ಮಾಡಿ ನೋಟ್‌ಪ್ಯಾಡಿನಲ್ಲಿ ಹುಡುಕಿದೆ. ಲಿಸ್ಪ್ ಇದ್ದದ್ದು ಪ್ರೋಗ್ರಾಮ್ ಫೈಲ್ಸ್ ಒಳಗಿನ ಆಟೋಕ್ಯಾಡ್ 2024ರ ಸಪೋರ್ಟ್ ಫೋಲ್ಡರಿನಲ್ಲಿ. ಫೋನಿನಲ್ಲಿ ಬಂದ ಸಲಹೆಯಂತೆ ಆಟೋಡೆಸ್ಕ್ ಫೋಲ್ಡರ್‌ಗಳನ್ನು ಮಂಗಳವಾರವೇ ಅಳಿಸಿದ್ದರೆ ಮೊದಲು ಹೋಗುತ್ತಿದ್ದುದು ಅದೇ. ಮುರಕಲ್ಲಿನ ಹ್ಯಾಚ್ ಕೂಡ ಅದರ ಪಕ್ಕದಲ್ಲಿಯೇ ಇತ್ತು. ಫೈಲ್ ತೆರೆದು ಮಾಸ್ಟರರ ಟಿಪ್ಪಣಿಗಳನ್ನು ಓದುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 40.4686 ಎಂಬ ಸಂಖ್ಯೆಯ ಎದುರಿಗೆ, ಇದನ್ನು 40 ಎಂದು ಸುಲಭ ಮಾಡಿಕೊಳ್ಳಬಾರದು, ಐವತ್ತು ಸೆಂಟ್ಸಿನ ಜಾಗದಲ್ಲಿ ಅರ್ಧ ಸೆಂಟ್ಸಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ ಎಂದು ಬರೆದಿದ್ದಾರೆ. ಈಗ ಅದರ ಪ್ರತಿ ಸಹಾಯಕಿಯ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ, ಮೇಲ್‌ನಲ್ಲಿದೆ. ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಕಡತಕ್ಕೂ ಹಾಕಿದ್ದೇನೆ.

ಟೆಂಪ್‌ನಲ್ಲಿ ಎಸ್‌ವಿ$ ಫೈಲ್ ಒಂದು ಸಿಕ್ಕಿತು. ಅಪ್‌ಡೇಟಿಗೆ ಮೊದಲು ನಾನು ಎಲ್ಲ ಮುಚ್ಚಿದ್ದೆ, ಆದರೂ ಜೂನ್ ತಿಂಗಳಲ್ಲಿ ಕೆಟ್ಟುಹೋಯಿತೆಂದು ಕೈಬಿಟ್ಟಿದ್ದ ಮಲ್ಪೆಯ ಒಂದು ಮನೆಯ ಛೇದನಕ್ಷೆ ಅದರಲ್ಲಿತ್ತು. ಆಮೇಲೆ ಅದನ್ನು ಎರಡು ದಿನ ಕುಳಿತು ಮತ್ತೆ ಬರೆದಿದ್ದೆ. ಕಾರ್ಕಳದವರು ಒಂದು ತಿಂಗಳ ಮೊದಲೇ ಪರಿಚಯವಾಗಬೇಕಿತ್ತು.

ಶುಕ್ರವಾರ ಸಹಾಯಕಿಯ ಮನೆಯಿಂದ ಒಳ್ಳೆಯ ಯುಪಿಎಸ್ ತರಿಸಿಕೊಂಡು ಕೆಲಸ ಹಿಡಿದೆ. ತೆಗೆದದ್ದು, ಫೋಲ್ಡರ್‌ಗಳ ಹೆಸರು ಬದಲಿಸಿದ್ದು, ರಿಜಿಸ್ಟ್ರಿ, ರೀಸ್ಟಾರ್ಟ್, ಹೊಸದಾಗಿ ಹಾಕಿದ್ದು ಎಲ್ಲ ಸೇರಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಬರಿ ಆಟೋಕ್ಯಾಡ್ ಚೆನ್ನಾಗಿ ತೆರೆಯಿತು. ನಾನು ಈಗ ಡಿ ಡ್ರೈವಿನಲ್ಲಿ ಕಚೇರಿ ಎಂಬ ಒಂದೇ ಫೋಲ್ಡರ್ ಮಾಡಿ ಹ್ಯಾಚ್, ಲಿಸ್ಪ್, ಸಿಟಿಬಿ, ಟೆಂಪ್ಲೇಟ್ ಎಲ್ಲವನ್ನೂ ಅದರಲ್ಲಿಯೇ ಇಟ್ಟು, ಆಪ್ಷನ್ಸ್‌ನಲ್ಲಿ ಆ ದಾರಿಗಳನ್ನು ತೋರಿಸಿದ್ದೇನೆ. ಮುಂದೆ ಪ್ರೋಗ್ರಾಮ್ ಎಷ್ಟು ಸಲ ಹೋದರೂ ಅವು ಅದರ ಜೊತೆಗೆ ಹೋಗುವುದಿಲ್ಲ. ಲಿಸ್ಪ್ ಲೋಡ್ ಮಾಡುವಾಗ ಈ ಫೈಲನ್ನು ನಂಬಬಹುದೇ ಎಂದು ಕೇಳಲು ಶುರು ಮಾಡಿತು. ಪ್ರೋಗ್ರಾಮ್ ಫೈಲ್ಸ್ ಒಳಗಿದ್ದುದನ್ನು ಆಟೋಕ್ಯಾಡ್ ತಾನಾಗಿ ನಂಬುತ್ತಿತ್ತು, ಹೊರಗಿನದನ್ನು ನಂಬುವುದಿಲ್ಲ. ಟ್ರಸ್ಟೆಡ್ ಲೊಕೇಶನ್ಸ್‌ಗೆ ಈ ಫೋಲ್ಡರನ್ನು ಸೇರಿಸಿದ ಮೇಲೆ ಪ್ರಶ್ನೆ ನಿಂತಿತು.

ಹೆಚ್ಚು ಹೊತ್ತು ಹಿಡಿದದ್ದು ಪ್ಲಾಟರ್. ಪಿಸಿ3 ಮತ್ತು ಪಿಎಂಪಿ ಎರಡನ್ನೂ ತಂದು ಹಾಕಿದರೂ ನನ್ನ ಕಾಗದದ ಅಳತೆ ಪಟ್ಟಿಯಲ್ಲಿ ಬರಲಿಲ್ಲ. ಪಿಸಿ3 ತೆರೆದು, ಅದರ ಪಿಎಂಪಿ ಹೆಸರಿನ ಸಾಲಿಗೆ ಹೋಗಿ, ಅಟ್ಯಾಚ್ ಒತ್ತಿ ಫೈಲನ್ನು ಕೈಯಿಂದ ತೋರಿಸಿದಾಗ ಬಂತು. ಮೆನುವನ್ನು ಇಂದು ಬೆಳಿಗ್ಗೆ ಎಳೆದುಕೊಂಡೆ. ಹಳೆಯ ಟೂಲ್‌ಬಾರ್ ಒಂದನ್ನು ಎಳೆಯುವಾಗ ಮಾತ್ರ ಆಟೋಕ್ಯಾಡ್ ಮುಚ್ಚಿಕೊಂಡಿತು, ಅದೊಂದನ್ನು ಬಿಟ್ಟುಬಿಟ್ಟೆ. ಪೂರ್ತಿ ಅಂಟಿಸಬೇಡಿ ಎಂದಿರಲ್ಲ ಬಿಜೈಯವರೇ, ಕೆಟ್ಟದ್ದು ಅದೇ ಇದ್ದಿರಬೇಕು.

ಸಿವಿಲ್ ಮೂರನೇ ವರ್ಷ, ಸುರತ್ಕಲ್
ಶನಿವಾರ ರಾತ್ರಿ 9.10

ಅಕ್ಕ, ಮುರಕಲ್ಲಿನ ಆ ಹ್ಯಾಚ್ ನನಗೂ ಕೊಡುತ್ತೀರಾ? ಪ್ರಾಜೆಕ್ಟಿಗೆ ಊರಿನ ಹಳೆಯ ಮನೆಯನ್ನು ಅಳೆದು ಬರೆಯುತ್ತಿದ್ದೇನೆ, ಗೋಡೆಗೆ ಇಟ್ಟಿಗೆಯ ಹ್ಯಾಚ್ ಹಾಕಿಟ್ಟಿದ್ದೇನೆ.

ಮುರಕಲ್ಲು, ಉಡುಪಿ
ಶನಿವಾರ ರಾತ್ರಿ 9.25

ಖಂಡಿತ ಕೊಡುತ್ತೇನೆ ತಮ್ಮ, ನಾಳೆ ಬೆಳಿಗ್ಗೆ ಕಳುಹಿಸುತ್ತೇನೆ. ನಿನ್ನದೂ ಪ್ರೋಗ್ರಾಮ್ ಫೋಲ್ಡರಿನ ಹೊರಗೆ ಇರಲಿ. ಫೈಲಿನ ಹೆಸರನ್ನು ಬದಲಿಸಬೇಡ, ಒಳಗಿನ ಮೊದಲ ಸಾಲಿನಲ್ಲಿರುವ ಹ್ಯಾಚ್‌ನ ಹೆಸರೂ ಅದನ್ನಿಟ್ಟ ಪಿಎಟಿ ಫೈಲಿನ ಹೆಸರೂ ಒಂದೇ ಆಗಿದ್ದರೆ ಮಾತ್ರ ಆಟೋಕ್ಯಾಡ್ ಅದನ್ನು ಗುರುತಿಸುತ್ತದೆ. ನನ್ನ ನಕ್ಷೆಗಳು ಮಿಲಿಮೀಟರಿನಲ್ಲಿವೆ, ನೀನು ಮೀಟರಿನಲ್ಲಿ ಬರೆಯುತ್ತಿದ್ದರೆ ಸ್ಕೇಲನ್ನು 0.001 ಮಾಡು. ಮೊದಲು ನಿನ್ನ ಮನೆಯ ಕಲ್ಲನ್ನು ಒಮ್ಮೆ ಅಳೆದು ನೋಡು. ಹಳೆಯ ಮನೆಯ ಕಲ್ಲು ಕೈಯಿಂದ ಕಡಿದದ್ದಾದರೆ ನನ್ನ ಸಾಲುಗಳ ಎತ್ತರ ಅದಕ್ಕೆ ಹೊಂದಲಿಕ್ಕಿಲ್ಲ. ಎರಡನೆಯ ಸಾಲಿನಲ್ಲಿರುವ ಕೊನೆಯ ಸಂಖ್ಯೆಯೇ ಆ ಎತ್ತರ, ಅಲ್ಲಿ ನಿನ್ನ ಅಳತೆಯನ್ನು ಬರೆದುಕೋ. ಅದನ್ನು ಬದಲಿಸಿದರೆ ಕಲ್ಲಿನ ನಡುವಿನ ಲಂಬ ಗೆರೆಗಳ ಉದ್ದವನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕಾಗುತ್ತದೆ. ತೊಡಕಾದರೆ ಅಳತೆಯನ್ನು ನನಗೆ ಬರೆ, ಕುಳಿತು ಮಾಡಿಕೊಡುತ್ತೇನೆ.