ಅತ್ತೆಯ ಮ್ಯಾಟು, ಅನುವಿನ ಕವಚ

(‘ತೋಟದ ಮನೆ’ ಗುಂಪಿನಲ್ಲಿ ಭಾನುವಾರ ನಡೆದ ಮಾತು. ಗುಡ್ ಮಾರ್ನಿಂಗ್ ಹೂವುಗಳನ್ನೂ ಕೈಮುಗಿಯುವ ಎಮೋಜಿಗಳನ್ನೂ ತೆಗೆದಿದ್ದೇನೆ. ಫೋಟೋ ಹಾಕಿದವಳು ನಾನೇ, ಹಾಗಾಗಿ ಅರ್ಧ ತಪ್ಪು ನನ್ನದು.)

ನಾನು: [ಫೋಟೋ] ನಮ್ಮ ಅನು ಮನೆಯಲ್ಲೇ ಮಾಡಿದ ಕವಚ! ಬರುವ ಶನಿವಾರ ವೈಟ್‌ಫೀಲ್ಡಿಗೆ, ಕಾಮಿಕ್ಸ್-ಗೇಮ್ ಅಭಿಮಾನಿಗಳ ಮೇಳ ಕಾಮಿಕ್ ಕಾನ್‌ಗೆ ಹಾಕಿಕೊಂಡು ಹೋಗುತ್ತಾಳೆ.

ದೊಡ್ಡಪ್ಪ: ಯಾರ ಪಾರ್ಟು ಇದು?

ಅನು: ನಾನು ಆಡುವ ಗೇಮಿನ ಸೇನಾಪತಿ, ದೊಡ್ಡಪ್ಪ. ಹೀಗೆ ಪಾತ್ರದ ವೇಷ ಹಾಕುವುದಕ್ಕೆ ಕಾಸ್‌ಪ್ಲೇ ಅಂತಾರೆ.

ದೊಡ್ಡಪ್ಪ: ಡೈಲಾಗ್ ಎಷ್ಟಿದೆ?

ಅನು: ಇಲ್ಲ.

ದೊಡ್ಡಪ್ಪ: ಹಾಡು?

ಅನು: ಅದೂ ಇಲ್ಲ.

ದೊಡ್ಡಪ್ಪ: ಮತ್ತೆ ಅಲ್ಲಿ ಹೋಗಿ ಏನು ಮಾಡುತ್ತೀಯಮ್ಮ?

ಗಿರಿಜತ್ತೆ: ಸ್ವಲ್ಪ ತಡಿ ಅಣ್ಣ. ಸೊಂಟದ ಕೆಳಗೆ ನೇತಾಡುವ ಪಟ್ಟಿಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದರ ಒಳಭಾಗ ನೇರಳೆ ಬಣ್ಣ. ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು. ಅದು ನನ್ನ ಯೋಗ ಮ್ಯಾಟು.

(ಎಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ. ಅನು ಟೈಪ್ ಮಾಡುತ್ತಿರುವುದು ಮಾತ್ರ ಬಂದು ಬಂದು ಹೋಗುತ್ತಿತ್ತು.)

ಅನು: ಅತ್ತೆ, ಅದು ಬೀರುವಿನ ಹಿಂದೆ ಎರಡು ವರ್ಷದಿಂದ ನಿಂತಿತ್ತು. ಬೇಡದ್ದು ಅಂದುಕೊಂಡೆ.

ಗಿರಿಜತ್ತೆ: ಬೀರುವಿನ ಹಿಂದೆ ನನ್ನ ಮದುವೆ ಫೋಟೋನೂ ಇದೆ. ಅದನ್ನೂ ಕತ್ತರಿಸಿಬಿಡು.

ಶೋಭಾ ಚಿಕ್ಕಮ್ಮ: ಅತ್ತಿಗೆ, ಹೊಸದು ತೆಗೆಸಿಕೊಡುತ್ತೇನೆ. ಆದರೆ ಹುಡುಗಿ ಪಟ್ಟ ಪಾಡು ನೋಡಬೇಕಿತ್ತು. ಅಳತೆಗೆ ಅಂತ ಹಳೇ ಟೀ ಶರ್ಟ್ ಮೇಲೆ ಪೂರಾ ಟೇಪು ಸುತ್ತಿಸಿಕೊಂಡಳು. ಅದರ ಮೇಲೆ ಪೆನ್ನಲ್ಲಿ ಗೆರೆ ಎಳೆದುಕೊಂಡಳು. ಆಮೇಲೆ ನಾನು ಕತ್ತರಿ ಹಿಡಿದು ಬೆನ್ನ ಮೇಲಿಂದ ಟೀ ಶರ್ಟ್ ಸಮೇತ ಸೀಳಿ ಬಿಡಿಸಿದೆ. ತೊಂಡೆಕಾಯಿ ಹೆಚ್ಚುವಾಗಲೂ ನನ್ನ ಕೈ ಅಷ್ಟು ನಡುಗಿಲ್ಲ.

ದೊಡ್ಡಪ್ಪ: ಇಷ್ಟೆಲ್ಲ ಯಾಕೆ? ತುಮಕೂರಿನಲ್ಲಿ ಡ್ರಾಮಾ ಡ್ರೆಸ್ ಬಾಡಿಗೆಗೆ ಕೊಡುತ್ತಾರೆ. ಒಂದು ದಿನಕ್ಕೆ ಐನೂರೋ ಆರುನೂರೋ. ಕಿರೀಟ, ಗದೆ ಎಲ್ಲ ಸೇರಿ.

ಅನು: ಸ್ಪರ್ಧೆ ಇದೆ ದೊಡ್ಡಪ್ಪ. ಯಾವುದನ್ನು ಹೇಗೆ ಮಾಡಿದೆ ಅಂತ ಜಡ್ಜ್‌ಗಳು ಕೇಳುತ್ತಾರೆ. ಬಾಡಿಗೆಯದ್ದು ಹಾಕಿಕೊಂಡು ಹೋಗಿ ಏನು ಹೇಳಲಿ?

ದೊಡ್ಡಪ್ಪ: ಖರ್ಚು ಎಷ್ಟಾಯಿತು?

ಅನು: ಫೋಮು, ಅಂಟು, ಬಣ್ಣ, ಬೆಲ್ಟು ಎಲ್ಲ ಸೇರಿ 3,200. ಬಿಸಿಗಾಳಿ ಊದುವ ಹೀಟ್ ಗನ್ ಫ್ರೆಂಡ್‌ದು.

ದೊಡ್ಡಪ್ಪ: ಒಂದು ದಿನದ ಶೋಕಿಗೆ ಮೂರು ಸಾವಿರ! ಈಗಿನ ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಿಲ್ಲ.

ದೊಡ್ಡಮ್ಮ: ಹೋದ ಶಿವರಾತ್ರಿಗೆ ಊರಲ್ಲಿ ಕುರುಕ್ಷೇತ್ರ ಆಡಿದರಲ್ಲ, ದುರ್ಯೋಧನನ ಪಾರ್ಟಿಗೆ ನಿಮ್ಮ ದೊಡ್ಡಪ್ಪ ಕಟ್ಟಿದ್ದು 35,000. ಒಂದು ರಾತ್ರಿಗೆ. ಮೇಷ್ಟ್ರಿಗೆ ಕೊಟ್ಟ ಪಂಚೆ ಶಲ್ಯ ಬೇರೆ.

ನಾನು: 🤐

ದೊಡ್ಡಪ್ಪ: ಅದು ಬೇರೆ. ಮೂರು ತಿಂಗಳು ತಾಲೀಮು ಮಾಡಿದ್ದೇನೆ. ಕಂದ ಪದ್ಯ ಬಾಯಿಪಾಠ ಮಾಡಿದ್ದೇನೆ. ಇದು ಎಲ್ಲಿಂದಲೋ ಬಂದ ಈಗಿನ ಖಯಾಲಿ.

ಅನು: ಈಗಿನದ್ದಲ್ಲ ದೊಡ್ಡಪ್ಪ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವರ್ಲ್ಡ್‌ಕಾನ್, ಅಂದರೆ ಸೈನ್ಸ್ ಫಿಕ್ಷನ್ ಅಭಿಮಾನಿಗಳ ಸಮ್ಮೇಳನ, ನಡೆದಾಗಲೇ ಫಾರೆಸ್ಟ್ ಆಕರ್‌ಮನ್ ಅನ್ನುವವನು ಮುಂದಿನ ಕಾಲದ ಮನುಷ್ಯನ ಹಾಗೆ ಬಟ್ಟೆ ಹಾಕಿಕೊಂಡು ಹೋಗಿದ್ದ. ಅದನ್ನು ಹೊಲಿದುಕೊಟ್ಟವಳು ಮಿರ್ಟಲ್ ಡಗ್ಲಸ್. ತನಗೂ ಒಂದು ಹೊಲಿದುಕೊಂಡು ಜೊತೆಯಲ್ಲೇ ಹೋಗಿದ್ದಳು. ಆವಾಗಲೂ ಮನೆಯಲ್ಲೇ ಮಾಡಿದ್ದು.

ದೊಡ್ಡಪ್ಪ: ನಮ್ಮ ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಸ್ಟೇಜಿನ ಮೇಲೆ ನಿಜವಾದ ಆನೆ ತಂದು ನಿಲ್ಲಿಸಿದವರು. ನಮಗೆ ಹೇಳಿಕೊಡಬೇಡ.

ಗಿರಿಜತ್ತೆ: ಆನೆ ಬಿಡಿ. ನನ್ನ ಮ್ಯಾಟಿನ ಕಥೆ ಏನು?

ಮೋಹನ್ ಮಾವ: ನನಗೆ ಬೇರೆ ಚಿಂತೆ. ಅನು, ಆ ಮ್ಯಾಟಿಗೆ ಹೀಟ್ ಗನ್ ಹಿಡಿದೆಯಾ?

ಅನು: ಇನ್ನೂ ಇಲ್ಲ ಮಾವ. ಪಟ್ಟಿಗಳನ್ನು ಇವತ್ತು ಸಂಜೆ ಬಗ್ಗಿಸಬೇಕು. ಎದೆ, ಭುಜದ್ದು ಆಗಿದೆ. ಅದು ಜಿಮ್ಮಿನ ನೆಲಕ್ಕೆ ಹಾಕುವ ಇವಿಎ ಫೋಮು, 10 ಮಿ.ಮೀ. ದಪ್ಪ. ಬಿಸಿ ಮಾಡಿ ಮೊಣಕಾಲ ಮೇಲೆ ಒತ್ತಿ ಹಿಡಿದರೆ ಆರುವಷ್ಟರಲ್ಲಿ ಅದೇ ಆಕಾರಕ್ಕೆ ನಿಲ್ಲುತ್ತದೆ. ಮೇಲ್ಮೈಯ ತೂತುಗಳೂ ಮುಚ್ಚಿಕೊಳ್ಳುತ್ತವೆ, ಬಣ್ಣ ಜಾಸ್ತಿ ಕುಡಿಯುವುದಿಲ್ಲ.

ಮೋಹನ್ ಮಾವ: ಇವಿಎ ಸರಿ. ಆದರೆ ಯೋಗ ಮ್ಯಾಟುಗಳಲ್ಲಿ ಪಿವಿಸಿ ಪ್ಲಾಸ್ಟಿಕ್ಕಿನದ್ದೂ ಇರುತ್ತದೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಗಂಟಲು ಕಣ್ಣು ಉರಿಯುತ್ತದೆ. ಒಂದು ತಾಮ್ರದ ತಂತಿ ತಗೋ. ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಇನ್ನೊಂದು ತುದಿಯನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸು. ಬಿಸಿ ತುದಿಯನ್ನು ಮ್ಯಾಟಿನ ಚೂರಿಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿ. ಉರಿ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿಯೇ ಇರಬೇಕು ಅಂತ. ಕಿಟಕಿ ತೆಗೆದಿಟ್ಟು ಮಾಡು. ಎಳ್ಳಿನಷ್ಟು ಅಂಟಿದರೂ ಸಾಕು.

ಗಿರಿಜತ್ತೆ: ಕಳ್ಳಿಗೆ ಪಾಠ ಹೇಳಿಕೊಡುತ್ತಿದ್ದಾರೆ ನೋಡಿ ನನ್ನ ಗಂಡ.

(ಅರ್ಧ ಗಂಟೆ ಬಿಟ್ಟು ವಿಡಿಯೋ ಬಂತು. ಒಲೆಯ ನೀಲಿ ಉರಿ, ಅದರ ನಡುವೆ ಎಳೇ ಬಾಳೆಲೆಯ ಹಸಿರು. ಹಿಂದಿನಿಂದ ಚಿಕ್ಕಮ್ಮನ ಧ್ವನಿ: “ಅಯ್ಯೋ ಹಾಲು ಉಕ್ಕಿತು!”)

ಅನು: ಪಟ್ಟಿಗಳನ್ನೆಲ್ಲ ಬಿಚ್ಚುತ್ತೇನೆ. 😭 ಮೂರು ದಿನದ ಕೆಲಸ.

ಮೋಹನ್ ಮಾವ: ಒಳ್ಳೆಯದಾಯಿತು. ಅಂಟು ಹಚ್ಚುವುದಾದರೂ ಟೆರೇಸಿನಲ್ಲಿ ಮಾಡು. ಆ ವಾಸನೆಗೆ ತಲೆ ಸುತ್ತುತ್ತದೆ. ಮಾಸ್ಕ್ ಹಾಕಿಕೋ, ಬಟ್ಟೆಯದ್ದಲ್ಲ.

ಅನು: ಸರಿ ಮಾವ. ಅದು ಬೇಗ ಅಂಟುವುದೂ ಇಲ್ಲ. ಎರಡೂ ಕಡೆ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂರಬೇಕು. ಬೆರಳಿಗೆ ಮೆತ್ತದೆ ಜಿಗುಟು ಮಾತ್ರ ಉಳಿದಾಗ ಜೋಡಿಸಬೇಕು. ಒಂದು ಸಲ ಕೂಡಿಸಿದರೆ ಮುಗಿಯಿತು, ಸರಿಸಲು ಆಗುವುದಿಲ್ಲ. ಎಡಭುಜ ಸ್ವಲ್ಪ ಸೊಟ್ಟ ಇರುವುದು ಹಾಗೇ ಆದದ್ದು. ಯಾರೂ ಗಮನಿಸಿಲ್ಲ ಅಂದುಕೊಂಡಿದ್ದೇನೆ.

ದೊಡ್ಡಪ್ಪ: ಗಮನಿಸಿದೆ.

ಶೋಭಾ ಚಿಕ್ಕಮ್ಮ: ಆ ಕತ್ತಿ ಹಿಡಿದುಕೊಂಡು ಮೆಟ್ರೋ ಹತ್ತಲು ಬಿಡುತ್ತಾರಾ?

ಅನು: ಎರಡು ತುಂಡು ಅಮ್ಮ, ಬ್ಯಾಗಿನಲ್ಲಿ ಹೋಗುತ್ತದೆ. ಅಲ್ಲೇ ಜೋಡಿಸುವುದು. ಒಳಗೆ ಅರ್ಧ ಇಂಚಿನ ಪೈಪು, ಮೇಲೆ ಫೋಮು. ಅಲ್ಲಿ ಗೇಟಿನಲ್ಲಿ ತಪಾಸಣೆ ಇರುತ್ತದೆ, ಲೋಹದ್ದು, ಚೂಪಾದದ್ದು ಒಳಗೆ ಬಿಡುವುದಿಲ್ಲ.

ದೊಡ್ಡಪ್ಪ: ಒಟ್ಟು ತೂಕ ಎಷ್ಟು?

ಅನು: ಕತ್ತಿ ಬಿಟ್ಟು ಒಂದೂವರೆ ಕೆಜಿ.

ದೊಡ್ಡಪ್ಪ: ಅಷ್ಟೇನಾ?

ದೊಡ್ಡಮ್ಮ: ಇವರದ್ದು ಬಾಡಿಗೆಯ ಮಖಮಲ್ ಅಂಗಿ. ಹಿಂದಿನ ಊರಿನ ದುರ್ಯೋಧನನ ಬೆವರು ಒಣಗಿರಲಿಲ್ಲ. ಕಿರೀಟದ ದಾರ ಕಿವಿಯ ಹಿಂದೆ ಕೊಯ್ದು ವಾರ ಪೂರ್ತಿ ಅರಿಶಿನ ಹಚ್ಚಿದ್ದೇನೆ.

ಗಿರಿಜತ್ತೆ: ಅನು, ಬಿಚ್ಚಿದ ಪಟ್ಟಿಗಳನ್ನು ಎಸೆಯಬೇಡ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರುತ್ತದೆ, ಅಲ್ಲಿ ಹಾಸುತ್ತೇನೆ. ಮ್ಯಾಟು ಹೊಸದು ಬರಬೇಕು. ಈ ಸಲವೂ ನೇರಳೆ.

ಅನು: ಆಯ್ತು ಅತ್ತೆ. ಸಾರಿ.

ದೊಡ್ಡಪ್ಪ: 🚫 ಈ ಸಂದೇಶವನ್ನು ಅಳಿಸಲಾಗಿದೆ

ನಾನು: ದೊಡ್ಡಪ್ಪ, ಏನು ಅಳಿಸಿದಿರಿ?

ದೊಡ್ಡಪ್ಪ: ಏನಿಲ್ಲ. ಕೈ ತಗುಲಿತು.

ದೊಡ್ಡಮ್ಮ: “ಎದೆ 42, ಸೊಂಟ 40” ಅಂತ ಬರೆದಿದ್ದರು. ಸೊಂಟ 44 ಹಾಕಿಕೋ ಅನು.