ಪಟ್ಟದಕಲ್ಲಿನ ಫೋಟೋ ಯಾಕೆ ಸಪ್ಪೆ ಬರುತ್ತದೆ?

ಪ್ರಶ್ನೆ (ವಿಜಯಪುರದಿಂದ):
ಸರ್, ನಮಸ್ಕಾರ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರುವವರಿದ್ದೇವೆ. ಹಾಗೇ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಹೋಗುವ ಆಸೆ. ಹೋದ ವರ್ಷ ಮೂರನ್ನೂ ಒಂದೇ ದಿನಕ್ಕೆ ಮುಗಿಸಿ, ಮೊಬೈಲಲ್ಲಿ ಮುನ್ನೂರು ಫೋಟೋ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಎಲ್ಲಾ ಸಪ್ಪೆ. ಮೂರ್ತಿಗಳು ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಹಾಗಿವೆ. ಬಾದಾಮಿಯ ಕೆಂಪು ಕಲ್ಲು ಬೂದಿ ಬಣ್ಣಕ್ಕೆ ತಿರುಗಿದೆ. ಈ ಸಲ ಒಳ್ಳೆ ಕ್ಯಾಮೆರಾ ಬಾಡಿಗೆಗೆ ತರಲಾ?

ಉತ್ತರ (ಬಾಗಲಕೋಟೆಯ ಫೋಟೋಗ್ರಾಫರ್):
ಬೇಡ್ರಿ. ಆ ದುಡ್ಡಲ್ಲಿ ಬಾದಾಮಿಯಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ನಿಮ್ಮ ಮೊಬೈಲ್ ಸರಿಯಾಗೇ ಇದೆ, ಹೊತ್ತು ತಪ್ಪಿದೆ ಅಷ್ಟೇ.

ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಮೊದಲು ನೋಡಿ. ಪಟ್ಟದಕಲ್ಲಿನ ವಿರೂಪಾಕ್ಷ ಪೂರ್ವಕ್ಕಿದೆ. ಲೋಕಮಹಾದೇವಿ ರಾಣಿ ಕಟ್ಟಿಸಿದ್ದು. ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಅದರ ಮುಂಭಾಗ ಬೇಕಿದ್ದರೆ ಗೇಟು ತೆರೆದ ಕೂಡಲೇ ಒಳಗಿರಿ. ಬಾದಾಮಿಯ ಭೂತನಾಥ ಇದರ ಉಲ್ಟಾ. ಅಗಸ್ತ್ಯ ತೀರ್ಥ ಕೆರೆಯ ಆಚೆ ದಡದಲ್ಲಿ, ಪಶ್ಚಿಮಕ್ಕೆ ಮುಖ. ಬೆಳಿಗ್ಗೆ ಹೋದರೆ ಸೂರ್ಯ ಗುಡಿಯ ಹಿಂದೆ, ಫೋಟೋ ಕಪ್ಪು. ಸಂಜೆ ನಾಲ್ಕೂವರೆಗೆ ದಡದಲ್ಲಿ ಸುಮ್ನೆ ಕೂತಿರಿ. ಕಲ್ಲು ತಾನೇ ಕೆಂಡದ ಹಾಗೆ ಆಗುತ್ತದೆ.

ಇನ್ನು ಮೂರ್ತಿಗಳ ವಿಷಯ. ಗೋಡೆಗೆ ಪುಟ್ಟಿ ಹಾಕುವವರು ಬಲ್ಬನ್ನು ಗೋಡೆಗೆ ತಾಗುವಷ್ಟು ಹತ್ತಿರ, ಒಂದು ಪಕ್ಕದಿಂದ ಹಿಡಿಯುತ್ತಾರೆ, ನೋಡಿದ್ದೀರಲ್ವಾ? ಸಣ್ಣ ಉಬ್ಬು ತಗ್ಗೂ ಕಾಣಲಿ ಅಂತ. ಶಿಲ್ಪಕ್ಕೂ ಅಂಥದೇ ಬೆಳಕು ಬೇಕು. ಬಿಸಿಲು ಎದುರಿಂದ ಬಡಿದರೆ ಉಬ್ಬಿನ ನೆರಳು ಉಬ್ಬಿನ ಹಿಂದೆಯೇ ಬಚ್ಚಿಟ್ಟುಕೊಳ್ಳುತ್ತದೆ. ನಿಮ್ಮ 'ಕ್ಯಾಲೆಂಡರ್' ಹುಟ್ಟಿದ್ದು ಅಲ್ಲೇ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗಬೇಕು. ನೀವು ಬರುವ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗಳಿಗೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಓರೆ ಬಿಸಿಲು. ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಅದಕ್ಕೆ ಕಾಯಬೇಡಿ.

ಹನ್ನೊಂದು ಗಂಟೆ ಬಿಸಿಲು ಕೆಟ್ಟದ್ದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಹೊತ್ತೂ ಬೇಕು. ಐಹೊಳೆಯ ಮೇಗುತಿ ಬಸದಿಯ ಪೂರ್ವ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ, 634ರದ್ದು, ಇಮ್ಮಡಿ ಪುಲಿಕೇಶಿ ಕಾಲದ್ದು. ಮುಂಜಾನೆ ಎದುರು ಬಿಸಿಲಿಗೆ ಅಕ್ಷರ ಮಸುಕು. ಸೂರ್ಯ ಮೇಲೇರಿ ಬೆಳಕು ಗೋಡೆಯ ಮೇಲೆ ಜಾರಿದಾಗ ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಬೆಟ್ಟ ಹತ್ತುವಾಗ ಬೆವರು ಮಾತ್ರ ಗ್ಯಾರಂಟಿ.

ಪ್ರಶ್ನೆ (ಅದೇ ವಿಜಯಪುರದವರು):
ಹಾಗಾದರೆ ಬಾದಾಮಿ ಗುಹೆಗಳಿಗೆ ಯಾವ ಹೊತ್ತು? ಕಲ್ಲು ಬೂದಿಯಾಗಿದ್ದು ಅಲ್ಲೇ.

ಉತ್ತರ:
ಗುಹೆಗಳ ಮುಖ ಉತ್ತರಕ್ಕೆ. ಒಳಗೆ ಬರುವುದು ಆಕಾಶದ ಬೆಳಕು, ಅಂಗಳಕ್ಕೆ ಬಡಿದು ವಾಪಸ್ ಬರುವ ಬೆಳಕು. ಮೆದುವಾದ ಬೆಳಕು, ಹೊತ್ತಿನ ಚಿಂತೆ ಕಡಿಮೆ. ಬಣ್ಣ ಕೆಡಿಸಿದ್ದು ಮೊಬೈಲಿನ ಆಟೋ ವೈಟ್ ಬ್ಯಾಲೆನ್ಸ್. ಎದುರಿಗೆ ಎಲ್ಲಾ ಕೆಂಪೇ ಕಂಡರೆ ಅದು 'ಜಾಸ್ತಿ ಆಯ್ತು' ಅಂದುಕೊಂಡು ನೀಲಿ ಬೆರೆಸುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ, ವೈಟ್ ಬ್ಯಾಲೆನ್ಸಿನಲ್ಲಿ ಮೋಡದ ಗುರುತು ಒತ್ತಿ. ಕೆಂಪು ವಾಪಸ್ ಬರುತ್ತದೆ.

ಫ್ಲ್ಯಾಷ್ ಆಫ್ ಮಾಡಿಬಿಡಿ. ಅದೂ ಎದುರಿಂದ ಬಡಿಯುವ ಬೆಳಕೇ. ಮೂರನೇ ಗುಹೆಯಲ್ಲಿ, 578ರ ಶಾಸನ ಇರುವುದು ಅಲ್ಲೇ, ಹಳೆಯ ಚಿತ್ರಗಳ ಬಣ್ಣ ಅಲ್ಲಲ್ಲಿ ಇನ್ನೂ ಉಳಿದಿದೆ. ಅದನ್ನು ನಾವು ಯಾಕೆ ಕೆಡಿಸಬೇಕು? ಕೈ ನಡುಗಿದರೆ ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಕ್ಲಿಕ್ ಮಾಡಿ. ಕೆತ್ತನೆಗೆ ಒರಗಬೇಡಿ.

ಪ್ರಶ್ನೆ (ಗೋಕಾಕದ ಒಬ್ಬ ತಂಗಿ):
ಅಣ್ಣಾ, ನನ್ನ ಹತ್ತಿರ ಟ್ರೈಪಾಡ್ ಇದೆ, ಡ್ರೋನೂ ಇದೆ. ತರಬಹುದಾ?

ಉತ್ತರ:
ತಂಗಿ, ಎರಡಕ್ಕೂ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು. ಅಲ್ಲಿಗೆ ಬಂದು ಕಾವಲುಗಾರರ ಹತ್ತಿರ ವಾದ ಮಾಡಬೇಡ, ಪಾಪ, ಅವರ ಕೈಯಲ್ಲಿ ಏನಿಲ್ಲ. ವಿರೂಪಾಕ್ಷದಲ್ಲಿ ಈಗಲೂ ಪೂಜೆ ಇದೆ. ಗರ್ಭಗುಡಿ ಕಡೆ ಮೊಬೈಲ್ ಎತ್ತುವ ಮುಂಚೆ ಪೂಜಾರಿಯವರನ್ನು ಕೇಳು.

ಪ್ರಶ್ನೆ (ವಿಜಯಪುರದವರು):
ಕೊನೆಯದು ಸರ್. ಗೋಪುರ ಯಾವಾಗಲೂ ಹಿಂದಕ್ಕೆ ಬಿದ್ದ ಹಾಗೆ ಬರುತ್ತದೆ.

ಉತ್ತರ:
ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಹಾಗೇ. ಹಿಂದೆ ಹಿಂದೆ ಹೋಗಿ, ಮೊಬೈಲ್ ನೆಟ್ಟಗೆ ಹಿಡಿಯಿರಿ. ಕೆಳಗೆ ಹುಲ್ಲು ಜಾಸ್ತಿ ಬಂದರೆ ಆಮೇಲೆ ಕತ್ತರಿಸಿ.

ಮತ್ತೆ, ಬಾದಾಮಿ ಮೆಟ್ಟಿಲಲ್ಲಿ ಕೈಯಲ್ಲಿ ಬಾಳೆಹಣ್ಣಿನ ಚೀಲ ಬೇಡ. ಒಮ್ಮೆ ನನ್ನ ಲೆನ್ಸಿನ ಚೀಲವನ್ನೇ ತಿಂಡಿ ಅಂದುಕೊಂಡು ಮಂಗ ಬಂಡೆ ಮೇಲೆ ಒಯ್ದಿತ್ತು. ಬನಶಂಕರಿಯಲ್ಲಿ ಕಟ್ಟಿಸಿಕೊಂಡ ಎರಡು ಖಡಕ್ ರೊಟ್ಟಿ ಕೊಟ್ಟ ಮೇಲೆ ಕೆಳಗೆ ಎಸೆಯಿತು. ಫಿಲ್ಟರ್ ಒಡೆದಿತ್ತು, ಲೆನ್ಸ್ ಉಳಿದಿತ್ತು. ಈಗಲೂ ಅದರಲ್ಲೇ ತೆಗೆಯುತ್ತೇನೆ.