ನೆಟ್ ಕೈಕೊಡೋ ಶಾಲಿಯೊಳಗ ಆನ್‌ಲೈನ್ ಕಥಿ ಪುಸ್ತಕ ಓದಿಸೋದು ಹ್ಯಾಂಗ?

ಪ್ರಶ್ನೆ (ಗದಗ ತಾಲ್ಲೂಕು): 1ರಿಂದ 5ನೇ ತರಗತಿ ಮಕ್ಕಳ ಗ್ರಂಥಾಲಯ. ಒಂದು ಟ್ಯಾಬ್, ಒಂದು ಕಪ್ಪು-ಬಿಳಿ ಪ್ರಿಂಟರ್ ಅದಾವ. ನೆಟ್ ಬರ್ತೈತಿ, ಹೋಗ್ತೈತಿ. ಪುಕ್ಕಟೆ ಕನ್ನಡ ಪುಸ್ತಕ ಎಲ್ಲಿ ಸಿಗ್ತಾವ್ರೀ?

ಉತ್ತರ 1 (ಧಾರವಾಡ): ಅಕ್ಕೋರ, ಪ್ರಥಮ್ ಬುಕ್ಸ್ ಪ್ರಕಾಶನದವರು 2015ರಾಗ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಪುಕ್ಕಟೆ ಕಥಿ ಪುಸ್ತಕದ ವೆಬ್‌ಸೈಟ್ ನೋಡ್ರಿ. ಭಾಷೆ ಕನ್ನಡ ಅಂತ ಆರಿಸಿ, 1ರಿಂದ 4ರವರೆಗಿನ ಓದಿನ ಹಂತದಾಗ ಒಂದನ್ನ ಹಿಡೀರಿ. ನೆಟ್ ಇದ್ದಾಗ ಲಾಗಿನ್ ಆಗಿ ಪಿಡಿಎಫ್ ಇಳಿಸಿಟ್ಟುಕೊಂಡ್ರ ಆತು. ತರಗತಿ ನೋಡಿ ಹಂತ ಕೊಡಬ್ಯಾಡ್ರಿ. ಒಂದು ಪುಟ ಓದಿಸ್ರಿ. ಐದು ಪದಕ್ಕ ತಡವರಿಸಿದ್ರ ಒಂದು ಹಂತ ಕೆಳಗಿಂದು ಕೊಡ್ರಿ. 'ಅಮ್ಮ', 'ಅಕ್ಕ' ಸರಾಗ ಓದೋ ಕೂಸು 'ರಾಷ್ಟ್ರ' ಬಂದ ಕೂಡ್ಲೇ ನಿಲ್ತೈತಿ. ಅದು ದಡ್ಡತನ ಅಲ್ಲ, ಒಂದೇ ಅಕ್ಷರಕ್ಕ ಎರಡು ಬ್ಯಾರೆ ಒತ್ತು ಬಿದ್ದ ಭಾರ.

ಉತ್ತರ 2 (ಹಾವೇರಿ): ಛಾಪಿಸೋದಾದ್ರ ಪಿಡಿಎಫ್‌ನ ಒಂದು ಕಂಪ್ಯೂಟರಿಗೆ ಹಾಕಿ, ಅಡೋಬಿ ರೀಡರ್‌ನ ಪ್ರಿಂಟ್ ಕಿಟಕಿಯೊಳಗ 'ಬುಕ್ಲೆಟ್' ಒತ್ತರಿ, ಹಾಳಿಯ ಒಂದೊಂದು ಬದಿಗೆ ಎರಡೆರಡು ಪುಟ ಬರ್ತಾವ. 16 ಪುಟಕ್ಕ ನಾಲ್ಕು ಎ4 ಹಾಳಿ ಸಾಕು, ನಡುವ ಮಡಚಿ ಎರಡು ಪಿನ್ ಹೊಡೀರಿ. ಪ್ರಿಂಟರ್ ಎರಡೂ ಬದಿ ತಾನ ಛಾಪಿಸದಿದ್ರ ಮೊದಲು ಮುಂಬದಿ, ಆಮ್ಯಾಲ ಹಿಂಬದಿ. ಹಾಳಿ ತಿರುಗಿಸಿ ಹಾಕೋದು ತಪ್ಪಿದ್ರ ಹಿಂದಿನ ಪುಟ ತಲಿಕೆಳಗ ಬರ್ತಾವ. ಅದಕ್ಕ ಮೊದಲು ಒಂದು ಹಾಳಿ ಪರೀಕ್ಷಿಸ್ರಿ. ಗಾಢ ಬಣ್ಣದ ಚಿತ್ರ ಕಪ್ಪು-ಬಿಳಿಯೊಳಗ ಮಸಿ ಬಳದಂಗ ಆಗಿ ಅಕ್ಷರ ಮುಚ್ಚತಾವ, ಬಿಳಿ ಹಿನ್ನೆಲೆ ಪುಸ್ತಕನ ಆರಿಸ್ರಿ. ಲೇಖಕರು, ಚಿತ್ರಕಾರರ ಹೆಸರಿರೋ ಕಡೀ ಪುಟ ಬಿಡಬ್ಯಾಡ್ರಿ. ಅವರ ಹೆಸರು ಹಾಕೋದು ಈ ಪುಸ್ತಕ ಪುಕ್ಕಟೆ ಬಳಸಾಕ ಕೊಟ್ಟ ಲೈಸೆನ್ಸಿನ ಷರತ್ತು.

ಉತ್ತರ 3 (ಹುಬ್ಬಳ್ಳಿ): ಪಾಠಕ್ಕ ಸರ್ಕಾರದ ದೀಕ್ಷಾ ಆ್ಯಪ್ ಐತಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ನೆಟ್ ಇದ್ದಾಗ ವಿಡಿಯೊ ಡೌನ್‌ಲೋಡ್ ಮಾಡಿಟ್ಟುಕೊಳ್ರಿ. ಮೊದಲು ಟ್ಯಾಬಿನ ಜಾಗ ನೋಡ್ಕೊಳ್ರಿ, ತುಂಬಿದ್ರ ಡೌನ್‌ಲೋಡ್ ಅರ್ಧಕ್ಕ ನಿಲ್ತೈತಿ.